ಕಿರ್ದಿ ಬರೆದಿಟ್ಟ ಪಂಕ್ ಗಿಟಾರಿಸ್ಟ್: ಜಾನಿ ರಮೋನ್ ಆತ್ಮಕಥೆ, ಗಿಟಾರ್ ಹಿಡಿದವರಿಗೆ

ಪಂಕ್ ಬ್ಯಾಂಡಿನ ಗಿಟಾರಿಸ್ಟ್ ಒಬ್ಬನ ಆತ್ಮಕಥೆ ಬರಲಿದೆ ಎಂಬ ಸುದ್ದಿ ಹೊರಟರೆ ಹೆಚ್ಚಿನವರು ಕಾಯುವುದು ಜಗಳಕ್ಕೆ, ಅಮಲಿಗೆ, ಯಾರು ಯಾರ ಜೊತೆ ಮಾತು ಬಿಟ್ಟರು ಎಂಬುದಕ್ಕೆ. ಗಿಟಾರ್ ಹಿಡಿದವರು ಕಾಯುವುದು ಬೇರೆಯದಕ್ಕೆ: ಆ ಸದ್ದು ಬಂದದ್ದು ಹೇಗೆ? ಇಂಥ ಹೊಸ ಪುಸ್ತಕಕ್ಕೆ ಮುಂಗಡ ಹಣ ಕಟ್ಟುವ ಮುನ್ನ 2012ರಲ್ಲಿ ಬಂದ ‘ಕಮಾಂಡೊ’ ಓದಿಕೊಳ್ಳುವುದು ಒಳ್ಳೆಯದು. ಈ ಜಾತಿಯ ಬರಹದಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬ ಅಂದಾಜು ಅದರಿಂದ ಬರುತ್ತದೆ. ನ್ಯೂಯಾರ್ಕಿನ ಪಂಕ್ ಬ್ಯಾಂಡ್ ರಮೋನ್ಸ್‌ನ ಗಿಟಾರಿಸ್ಟ್ ಜಾನಿ ರಮೋನ್ ಆತ್ಮಕಥೆ ಇದು. ಆತ 2004ರ ಸೆಪ್ಟೆಂಬರಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡ. ಪುಸ್ತಕ ಅಚ್ಚಾಗುವ ಹೊತ್ತಿಗೆ ಏಳು ವರ್ಷ ಮೀರಿತ್ತು.

ಇನ್ನೂರು ಪುಟವೂ ಇಲ್ಲದ, ಫೋಟೋ ತುಂಬಿದ ಪುಸ್ತಕ. ಮುನ್ನುಡಿ ಬ್ಯಾಂಡಿನ ಮೊದಲ ಆಲ್ಬಂಗಳ ಡ್ರಮ್ಮರ್ ಟಾಮಿ ರಮೋನ್‌ನದು. ಓದುತ್ತ ಹೋದರೆ ಇದು ಕಲಾವಿದನ ನೆನಪುಗಳಿಗಿಂತ ವ್ಯಾಪಾರಿಯ ಕಿರ್ದಿಗೆ ಹತ್ತಿರ ಅನ್ನಿಸುತ್ತದೆ, ಮತ್ತು ಅದೇ ಇದರ ರುಚಿ. ಕಟ್ಟಡ ಕೆಲಸ ಮಾಡುತ್ತಿದ್ದ ಮನುಷ್ಯ ಬ್ಯಾಂಡ್ ಕಟ್ಟಿದ ಮೇಲೂ ಅದೇ ಬುದ್ಧಿಯಲ್ಲಿ ನಡೆದುಕೊಂಡ: ಹೊತ್ತಿಗೆ ಸರಿಯಾಗಿ ಹೋಗು, ಕೆಲಸ ಮುಗಿಸು, ಕೂಲಿ ಎಣಿಸು. ನುಡಿಸಿದ ಕಾರ್ಯಕ್ರಮಗಳನ್ನು, ಬಂದ ಹಣವನ್ನು ಸಣ್ಣ ಕಪ್ಪು ಪುಸ್ತಕಗಳಲ್ಲಿ ಬರೆದಿಟ್ಟವನು ಈತ. 1974ರಿಂದ 1996ರ ಆಗಸ್ಟ್ 6ರವರೆಗೆ ರಮೋನ್ಸ್ ನುಡಿಸಿದ್ದು 2,263 ಕಾರ್ಯಕ್ರಮ ಎಂದು ಇವತ್ತು ಇಷ್ಟು ಖಚಿತವಾಗಿ ಹೇಳಲು ಆಗುವುದು ಬ್ಯಾಂಡಿನಲ್ಲಿ ಇಂಥ ಲೆಕ್ಕದ ಬುದ್ಧಿ ಇದ್ದದ್ದರಿಂದ. ತಮ್ಮದೇ ಆಲ್ಬಂಗಳಿಗೆ ಮೇಷ್ಟ್ರ ಹಾಗೆ ದರ್ಜೆ ಕೊಟ್ಟಿದ್ದಾನೆ, ದಯೆ ತೋರಿಸಿಲ್ಲ. ಗಾಯಕ ಜೋಯಿ ಜೊತೆ ವರ್ಷಗಟ್ಟಲೆ ಮಾತಿಲ್ಲದೆ ಒಂದೇ ವ್ಯಾನಿನಲ್ಲಿ ಊರೂರು ಸುತ್ತಿದ ಕಥೆಯೂ ಇದೆ. ಅಲ್ಲಿ ಮಾತ್ರ ಬರಹ ಬಿಗಿಯುತ್ತದೆ, ಓದುವವನು ಸಾಲುಗಳ ನಡುವೆ ಇಣುಕಬೇಕಾಗುತ್ತದೆ.

ಕೊರತೆ ಇರುವುದು ಗಿಟಾರಿನ ವಿಷಯದಲ್ಲಿ. ಬೇಸ್‌ಬಾಲ್ ಬಗ್ಗೆ, ಭಯಾನಕ ಸಿನಿಮಾಗಳ ಬಗ್ಗೆ ಇರುವ ಉತ್ಸಾಹ ತನ್ನ ಬಲಗೈಯ ಬಗ್ಗೆ ಇಲ್ಲ. ಹಾಗಾಗಿ ಪುಸ್ತಕದ ಪಕ್ಕ ಗಿಟಾರ್, ಲಯ ತೋರಿಸುವ ಮೆಟ್ರೊನೋಮ್ ಮತ್ತು ರಮೋನ್ಸ್ ಬ್ಯಾಂಡಿನ 1976ರ ಮೊದಲ ಆಲ್ಬಂ ಇಟ್ಟುಕೊಂಡು ಓದಬೇಕು. ಪುಟಗಳಲ್ಲಿ ಬಾರದ್ದು ಅಲ್ಲಿ ಸಿಗುತ್ತದೆ.

ಮೊದಲು ವಾದ್ಯ. 1974ರ ಜನವರಿಯಲ್ಲಿ ಮ್ಯಾನ್‌ಹಟನ್ನಿನ 48ನೇ ಬೀದಿಯ ಮ್ಯಾನೀಸ್ ಅಂಗಡಿಯಲ್ಲಿ ಜಾನಿ ಕೊಂಡದ್ದು ನೀಲಿ ಬಣ್ಣದ ಮಾಸ್‌ರೈಟ್ ವೆಂಚರ್ಸ್ 2, ಬೆಲೆ ಐವತ್ತು ಚಿಲ್ಲರೆ ಡಾಲರ್. ಯಾರೂ ಕೇಳದ ಗಿಟಾರ್ ಆಗಿದ್ದರಿಂದ ಅಗ್ಗಕ್ಕೆ ಸಿಕ್ಕಿತು. ಅದು ಕಳುವಾದ ಮೇಲೆ ಬಂದ ಬಿಳಿಯ 1965ರ ಮಾಸ್‌ರೈಟ್ ಕೊನೆಯ ಕಾರ್ಯಕ್ರಮದವರೆಗೂ ಬಾಳಿತು. 2021ರ ಹರಾಜಿನಲ್ಲಿ ಒಂಬತ್ತು ಲಕ್ಷ ಡಾಲರಿಗೂ ಮೀರಿ ಹೋಯಿತು. ನುಡಿಸುವವನಿಗೆ ಬೇಕಾದ ಸಂಗತಿ ಬೆಲೆಯಲ್ಲ, ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಭಾಗ. ಮಾಸ್‌ರೈಟ್ ನೆಕ್ ತೆಳು, ನಟ್ (ನೆಕ್ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಕಿರಿದು, ಸ್ಕೇಲ್ (ಅಲ್ಲಿಂದ ಬ್ರಿಡ್ಜ್ ತನಕ ತಂತಿಯ ಉದ್ದ) 24.5 ಇಂಚಿನ ಆಸುಪಾಸು. ತೋರುಬೆರಳು ಆರೂ ತಂತಿಗಳ ಮೇಲೆ ಗಂಟೆಗಟ್ಟಲೆ ಅಡ್ಡ ಮಲಗಿರಬೇಕಾದವನಿಗೆ ಇದು ದೊಡ್ಡ ಅನುಕೂಲ. ಫೆಂಡರ್ ಮಾದರಿಯ 25.5 ಇಂಚಿನ ಗಿಟಾರಿನಲ್ಲಿ ಅದೇ ತಂತಿ ಹೆಚ್ಚು ಬಿಗಿಯಾಗಿರುತ್ತದೆ, ಎಡಗೈ ಬೇಗ ಸೋಲುತ್ತದೆ. ಬಿಳಿ ಗಿಟಾರಿನ ಬ್ರಿಡ್ಜ್ ಬಳಿ ಆತ ಹಾಕಿಸಿಕೊಂಡಿದ್ದು ಡಿಮಾರ್ಜಿಯೊ ಎಫ್‌ಎಸ್-1 ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ). ಸಿಂಗಲ್ ಕಾಯಿಲ್, ಆದರೆ ಔಟ್‌ಪುಟ್ ಜೋರು. ಆ ಸದ್ದಿನಲ್ಲಿರುವ ಗರಗಸದಂಥ ಅಂಚಿಗೆ ಇದೂ ಒಂದು ಕಾರಣ.

ಇನ್ನು ಬಲಗೈ. ಕೆಳಗಿನಿಂದ ಮೇಲಕ್ಕೆ ಮೀಟುವುದೇ ಇಲ್ಲ, ಎಲ್ಲವೂ ಡೌನ್‌ಸ್ಟ್ರೋಕ್. ‘ಬ್ಲಿಟ್ಸ್‌ಕ್ರೀಗ್ ಬಾಪ್’ ಹಾಡಿನ ವೇಗ ನಿಮಿಷಕ್ಕೆ ಸುಮಾರು 176 ಬಡಿತ. ಬಡಿತಕ್ಕೆ ಎರಡು ಮೀಟು ಎಂದರೆ ನಿಮಿಷಕ್ಕೆ 350ರ ಮೇಲೆ, ಸೆಕೆಂಡಿಗೆ ಹೆಚ್ಚುಕಡಿಮೆ ಆರು. ಎರಡು ನಿಮಿಷದ ಹಾಡಿಗೆ ಏಳುನೂರು ಮೀಟು. ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಎ, ಡಿ, ಇ ಎಂದು ಕೇಳಿ ನಕ್ಕವರು ಹಾಡು ಅರ್ಧ ಆಗುವಷ್ಟರಲ್ಲಿ ಮುಂಗೈ ತಿಕ್ಕಿಕೊಳ್ಳುತ್ತಾರೆ. ವೇದಿಕೆಯ ಮೇಲೆ ಇನ್ನೂ ಜೋರು: 1977ರ ಡಿಸೆಂಬರ್ 31ರಂದು ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಧ್ವನಿಮುದ್ರಿಸಿದ ಆಲ್ಬಂ 28 ಹಾಡುಗಳನ್ನು ಒಂದು ಗಂಟೆಯೊಳಗೇ ಮುಗಿಸಿಬಿಡುತ್ತದೆ.

ಮೇಲೆ-ಕೆಳಗೆ ಮೀಟಿದರೆ ಅರ್ಧ ಶ್ರಮ ಉಳಿಯುತ್ತದಲ್ಲ ಎನ್ನಬಹುದು. ಉಳಿಯುತ್ತದೆ, ಹಾಡು ಹೋಗುತ್ತದೆ. ಕೆಳಕ್ಕೆ ಮೀಟಿದಾಗ ದಪ್ಪ ತಂತಿಗೆ ಮೊದಲ ಏಟು, ಮೇಲಕ್ಕೆ ಮೀಟಿದಾಗ ತೆಳು ತಂತಿಗೆ. ಎರಡನ್ನೂ ಬೆರೆಸಿದರೆ ಒಂದು ಬಿಟ್ಟು ಒಂದು ಮೀಟು ಹಗುರಾಗಿ ಕೇಳಿ, ನಡೆಗೆ ತೂಗಾಟ ಬರುತ್ತದೆ. ಬೇಕಾದ್ದು ತೂಗಾಟವಲ್ಲ, ಒಂದೇ ಸಮನೆ ಹೊಡೆಯುವ ಗೋಡೆ.

ಅಭ್ಯಾಸ ಸಂಗೀತದ ಪಾಠದ ಹಾಗೇ, ಮೊದಲ ಕಾಲದಿಂದ ಶುರು. ಎಡಗೈಯಿಂದ ತಂತಿಗಳನ್ನು ಮುಚ್ಚಿಹಿಡಿದು, ಕಾರ್ಡ್ ಇಲ್ಲದೆ, 120 ಬಡಿತದಲ್ಲಿ ಎರಡು ನಿಮಿಷ ಬರೀ ಮೀಟು. ಸಮ ಬಂದಮೇಲೆ ಐದೈದು ಏರಿಸಿ. ಚಲನೆ ಮಣಿಕಟ್ಟಿನಿಂದ ಬರಬೇಕು, ಒದ್ದೆ ಕೈ ಕೊಡವಿದ ಹಾಗೆ. ಮೊಣಕೈಯಿಂದ ಬಂದರೆ 150ರ ಹತ್ತಿರ ಕೈ ಕಟ್ಟಿಕೊಳ್ಳುತ್ತದೆ. ಪಿಕ್ (ಮೀಟುವ ಪುಟ್ಟ ಬಿಲ್ಲೆ) ತುದಿ ಬೆರಳಿನಿಂದ ಮೂರು ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ಹೊರಗೆ ಬೇಡ. ಹೆಚ್ಚಾದರೆ ತಂತಿಯಲ್ಲಿ ಸಿಕ್ಕಿ ಪಿಕ್ ತಿರುಗಿಕೊಳ್ಳುತ್ತದೆ. ದಪ್ಪ 0.8ರಿಂದ 1 ಮಿಲಿಮೀಟರ್ ಸಾಕು. ತೀರ ತೆಳು ಪಿಕ್ ಬಾಗಿ ವಾಪಸ್ ಬರುವಷ್ಟರಲ್ಲಿ ಮುಂದಿನ ಮೀಟು ತಡವಾಗುತ್ತದೆ. ತಂತಿ 10-46ರ ಸೆಟ್ (ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಅಥವಾ ಅದಕ್ಕಿಂತ ದಪ್ಪ ಇರಲಿ. 9ರ ಸೆಟ್ಟಿನಲ್ಲಿ ಜೋರಾಗಿ ಮೀಟಿದ ಕ್ಷಣ ಶ್ರುತಿ ಮೇಲಕ್ಕೆ ಎಗರಿ ಇಳಿಯುತ್ತದೆ, ಕಾರ್ಡ್ ಹುಳಿ ಹಿಡಿದಂತೆ ಕೇಳುತ್ತದೆ. ದಣಿವು ಸರಿ, ಚುಚ್ಚುವ ನೋವು, ಬೆರಳು ಜುಮ್ಮೆನ್ನುವುದು ಬಂದರೆ ಆ ದಿನಕ್ಕೆ ಗಿಟಾರ್ ಕೆಳಗಿಡಿ.

ಗಿಟಾರನ್ನು ತೊಡೆಯವರೆಗೆ ಇಳಿಬಿಟ್ಟು ಕಾಲಗಲಿಸಿ ನಿಲ್ಲುವ ಆ ಭಂಗಿ ಮೊದಲ ದಿನವೇ ಬೇಡ. ಸ್ಟ್ರಾಪ್ ಇಳಿದಷ್ಟೂ ಎಡ ಮಣಿಕಟ್ಟು ಮಡಚಿಕೊಳ್ಳುತ್ತದೆ, ಬಾರ್ ಕಾರ್ಡಿನಲ್ಲಿ (ತೋರುಬೆರಳು ಅಡ್ಡ ಮಲಗಿಸಿ ಹಿಡಿಯುವ ಕಾರ್ಡ್) ಎರಡನೇ ತಂತಿ ಝುಂಯ್ ಎನ್ನತೊಡಗುತ್ತದೆ. ಕೂತು ನುಡಿಸುವ ಎತ್ತರದಲ್ಲೇ ಕಲಿತು, ಆಮೇಲೆ ಸ್ಟ್ರಾಪನ್ನು ಒಂದೊಂದು ತೂತು ಇಳಿಸಿ.

ಆಂಪಿನ ವಿಷಯದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಗೇನ್ (ಸದ್ದನ್ನು ಒರಟಾಗಿಸುವ ಗುಂಡಿ) ಜಾಸ್ತಿ. ಜಾನಿ ನುಡಿಸುತ್ತಿದ್ದದ್ದು ಹೆಚ್ಚಾಗಿ ಪೂರ್ತಿ ಬಾರ್ ಕಾರ್ಡ್, ಎರಡು ಸ್ವರದ ಪವರ್ ಕಾರ್ಡ್ ಅಲ್ಲ. ಪೂರ್ತಿ ಕಾರ್ಡಿನಲ್ಲಿ ಗಾಂಧಾರವೂ ಇರುತ್ತದೆ. ಡಿಸ್ಟಾರ್ಷನ್ ಹೆಚ್ಚಾದರೆ ಅದು ಉಳಿದ ಸ್ವರಗಳ ಜೊತೆ ಕಾದಾಡಿ ಸದ್ದು ರಾಡಿಯಾಗುತ್ತದೆ. ವೇದಿಕೆಯಲ್ಲಿ ಆತನ ಹಿಂದೆ ಇದ್ದದ್ದು 100 ವಾಟ್ ಮಾರ್ಷಲ್‌ಗಳು. ಆ ಒರಟು ಹುಟ್ಟುತ್ತಿದ್ದದ್ದು ಆಂಪನ್ನು ಜೋರಾಗಿ ದುಡಿಸಿದ್ದರಿಂದ. ಮನೆಯ ಪುಟ್ಟ ಆಂಪಿನಲ್ಲಿ ಗೇನ್ ನಾಲ್ಕು ಐದಕ್ಕೆ ನಿಲ್ಲಿಸಿ, ಮಿಡ್ ಆರೇಳು, ಟ್ರೆಬಲ್ ಏಳರ ಮೇಲೆ, ಬೇಸ್ ನಾಲ್ಕು ಇಟ್ಟುಕೊಳ್ಳಿ. ರಿವರ್ಬ್ ಸೊನ್ನೆ. ಕಾರ್ಡಿನ ಆರೂ ತಂತಿ ಬಿಡಿಬಿಡಿಯಾಗಿ ಕೇಳದಿದ್ದರೆ ಇನ್ನೂ ಇಳಿಸಿ. ಪಕ್ಕದ ಮನೆಯವರಿಗೂ ಅದೇ ಒಳ್ಳೆಯದು.

ಮೊದಲ ಆಲ್ಬಂ ಇಲ್ಲಿ ಪಾಠಪುಸ್ತಕ. 1976ರ ಫೆಬ್ರವರಿಯಲ್ಲಿ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್ ಕಟ್ಟಡದ ಪ್ಲಾಜಾ ಸೌಂಡ್ ಸ್ಟುಡಿಯೊದಲ್ಲಿ ಸುಮಾರು 6,400 ಡಾಲರಿನಲ್ಲಿ ಮುಗಿಸಿದ 14 ಹಾಡು, ಎಲ್ಲ ಸೇರಿ 29 ನಿಮಿಷ. ಹಳೆಯ ಸ್ಟೀರಿಯೊ ರೆಕಾರ್ಡುಗಳ ಹಾಗೆ ಗಿಟಾರ್ ಒಂದು ಕಿವಿಗೆ, ಬೇಸ್ ಗಿಟಾರ್ ಇನ್ನೊಂದಕ್ಕೆ. ಫೋನಿನ ಬ್ಯಾಲೆನ್ಸನ್ನು ಪೂರ್ತಿ ಗಿಟಾರಿನ ಕಡೆ ಎಳೆದು ಮೀಟು ಕೇಳಿಸಿಕೊಳ್ಳಿ. ಆಮೇಲೆ ಪೂರ್ತಿ ಬೇಸ್ ಕಡೆ ಎಳೆದು, ಖಾಲಿಯಾದ ಜಾಗದಲ್ಲಿ ನಿಮ್ಮ ಗಿಟಾರ್ ಸೇರಿಸಿ. ಎರಡನೆಯದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ಕೇಳಿದರೆ ಎಲ್ಲಿ ಕೈ ಕಳ್ಳತನ ಮಾಡಿ ಮೇಲಕ್ಕೆ ಮೀಟಿತು ಎಂದು ಗೊತ್ತಾಗಿಬಿಡುತ್ತದೆ.

ಜೊತೆಗೆ ಓದಲು ಇನ್ನೊಂದು ಬೇಕೆಂದರೆ ಸೆಕ್ಸ್ ಪಿಸ್ಟಲ್ಸ್‌ನ ಸ್ಟೀವ್ ಜೋನ್ಸ್ ಆತ್ಮಕಥೆ ಇದೆ. ಅದು ತೀರ ಬೇರೆ ಸ್ವಭಾವದ್ದು, ಬಾಲ್ಯದ ಗಾಯಗಳನ್ನೂ ಕಳ್ಳತನವನ್ನೂ ಮುಚ್ಚಿಡದೆ ಹೇಳುತ್ತದೆ. ಸದ್ದಿನ ಲೆಕ್ಕವೂ ಬೇರೆ: ಜೋನ್ಸ್ ಸ್ಟುಡಿಯೊದಲ್ಲಿ ಗಿಟಾರಿನ ಮೇಲೆ ಗಿಟಾರ್ ಪದರ ಹಾಕಿದವನು, ಸೆಕ್ಸ್ ಪಿಸ್ಟಲ್ಸ್ ಆಲ್ಬಂನ ಬೇಸ್ ಕೂಡ ಬಹುಪಾಲು ಅವನದೇ. ಬರಹಕ್ಕಾಗಿ ಒಂದನ್ನೇ ಕೊಳ್ಳುವುದಾದರೆ ಜೋನ್ಸ್‌ನದು. ಕೈಗೆ ಕೆಲಸ ಬೇಕಾದವರಿಗೆ ಜಾನಿಯದು.

‘ಕಮಾಂಡೊ’ ಕೊಳ್ಳುವವರು ಇ-ಪುಸ್ತಕ ಬಿಟ್ಟು ಗಟ್ಟಿ ರಟ್ಟಿನ ಪ್ರತಿಯನ್ನೇ ತರಿಸಿ. ಓದು ಎರಡು ಸಂಜೆಯಲ್ಲಿ ಮುಗಿಯುತ್ತದೆ. ಆಮೇಲೂ ಮತ್ತೆ ಮತ್ತೆ ತೆರೆಯುವುದು ಫೋಟೋಗಳಿಗೆ, ಅವು ಫೋನಿನ ಪರದೆಯಲ್ಲಿ ಕುಗ್ಗಿಹೋಗುತ್ತವೆ. ವೇದಿಕೆಯ ಫೋಟೋ ಸಿಕ್ಕಿದಲ್ಲೆಲ್ಲ ಮುಖ ಬಿಟ್ಟು ಬಲ ಮಣಿಕಟ್ಟನ್ನೇ ನೋಡಿ.