ಡೊಂಬಿವಲಿ ಬಾಲ್ಕನಿಗೆ 8x42 ಬೈನಾಕ್ಯುಲರ್ ಧಾರಾಳ ಸಾಕು

ಅಂಗಡಿಯವನು 20x ತೋರಿಸಿ ಆಸೆ ಹಚ್ಚಿದ. ಬೇಡ ಅಂದೆ. ಅಷ್ಟು ದೊಡ್ಡದಾಗಿ ತೋರಿಸುವುದನ್ನು ಸುಮ್ನೆ ಕೈಯಲ್ಲಿ ಹಿಡಿದರೆ ಹಕ್ಕಿಗಿಂತ ಕೈನಡುಕವೇ ಜಾಸ್ತಿ ಕಾಣುತ್ತದೆ. ಸುಮಾರು 8,000 ರೂಪಾಯಿಗೆ 8x42 ತಂದೆ. ಎಂಟು ಪಟ್ಟು ಹತ್ತಿರ ಕಾಣುತ್ತದೆ. ಮುಂದಿನ ಗಾಜು 42 ಮಿಲಿಮೀಟರ್ ಇರುವುದರಿಂದ ನಸುಕಿನಲ್ಲೂ ಕೆಲಸ ನಡೆಯುತ್ತದೆ.

ಸೊಸೈಟಿ ಎದುರಿನ ಮಳೆಮರದಲ್ಲಿ ಹದ್ದಿನ ಗೂಡಿದೆ. ಅಂದಾಜು 40 ಮೀಟರ್ ದೂರ. ಇದರಲ್ಲಿ 5 ಮೀಟರಿಗೆ ಬರುತ್ತದೆ. ಕಡ್ಡಿಗಳ ನಡುವೆ ಸಿಕ್ಕಿಸಿದ ಹಾಲಿನ ಪ್ಯಾಕೆಟ್, ಯಾರದೋ ಕೆಂಪು ಬಟ್ಟೆಯ ಚೂರು, ಎಲ್ಲಾ ಸ್ಪಷ್ಟ. ಮೊದಮೊದಲು ಮರಿಗೆ ಮೈತುಂಬ ಬರೀ ತುಪ್ಪುಳ. "ಇದೇನು ಹದ್ದಾ, ಕೋಳಿಮರಿನಾ?" ಅಂದರು ನಮ್ಮತ್ತೆ. ಆಮೇಲೆ ಬೈನಾಕ್ಯುಲರ್ ನನ್ನ ಕೈಗೆ ಸಿಕ್ಕಿದ್ದೇ ಕಮ್ಮಿ.

ಆಗೆಲ್ಲ ತಾಯಿ ಮಾಂಸ ಚೂರು ಚೂರು ಹರಿದು, ಕೊಕ್ಕು ಓರೆ ಮಾಡಿ ಬಾಯಿಗೆ ಕೊಡುತ್ತಿತ್ತು. ಮರಿ ಬಲಿತ ಮೇಲೆ ಆ ಉಪಚಾರ ಇಲ್ಲ. ಇಲಿ ತಂದು ಗೂಡಿಗೆ ಹಾಕಿ ಹೋಗುತ್ತದೆ, ಅಷ್ಟೇ. ಮರಿ ಎರಡೂ ರೆಕ್ಕೆ ಹರಡಿ ಅದನ್ನು ಮುಚ್ಚಿಕೊಳ್ಳುತ್ತದೆ. ಹೆತ್ತವರು ಬಂದರೂ ಬಿಡಲ್ಲ! ಇನ್ನೊಂದು ಮಜಾ ಕೇಳಿ. ಹೊಟ್ಟೆ ಖಾಲಿ ಮಾಡಬೇಕಾದಾಗ ಹಿಂದಹಿಂದಕ್ಕೆ ಹೆಜ್ಜೆ ಇಟ್ಟು ಗೂಡಿನ ಅಂಚಿಗೆ ಬಂದು, ಬಾಲ ಎತ್ತಿ ಚಿರ್ ಅಂತ ಹಾರಿಸುತ್ತದೆ. ಗೂಡು ಚೊಕ್ಕಟ. ಕೆಳಗೆ ನಿಲ್ಲಿಸಿದ ಸೆಕ್ರೆಟರಿ ಸಾಹೇಬರ ಸ್ಕೂಟರ್ ಬೆಳ್ಳಗೆ.

ಈಗ ಪಕ್ಕದ ಕೊಂಬೆಯಲ್ಲಿ ತಾಯಿ ಜೊತೆ ಕೂರುತ್ತದೆ. ಗಾತ್ರ ಹೆಚ್ಚುಕಮ್ಮಿ ಒಂದೇ. ಬರಿಗಣ್ಣಿಗೆ ಯಾವುದು ಯಾವುದೋ ಗೊತ್ತಾಗಲ್ಲ. ಮರಿಯ ತಲೆ, ಎದೆ ಮೇಲೆ ತಿಳಿ ಬಣ್ಣದ ಗೆರೆಗಳಿವೆ, ಬಾಲದ ಕವಲು ಅಷ್ಟು ಆಳವಿಲ್ಲ. ಇಷ್ಟು ತೋರಿಸಿದ್ದಕ್ಕೇ ದುಡ್ಡು ವಸೂಲ್.

ತಕರಾರೂ ಇದೆ. ಕತ್ತಿನ ಪಟ್ಟಿ ತೆಳ್ಳಗಿದೆ, ಸೆಕೆಯಲ್ಲಿ ಕೊರೆಯುತ್ತದೆ. ಗಾಜಿನ ಮುಚ್ಚಳ ಸಡಿಲ, ಒಂದು ಆಗಲೇ ಬಾಲ್ಕನಿಯಿಂದ ಕೆಳಗೆ ಬಿತ್ತು. ಕನ್ನಡಕದವರು ಕಣ್ಣಿಡುವ ಕಡೆಯ ರಬ್ಬರ್ ಬಳೆ ತಿರುಗಿಸಿ ಒಳಗೆ ತಳ್ಳಲು ಬರುತ್ತದಾ ಅಂತ ಅಂಗಡಿಯಲ್ಲೇ ನೋಡಿ. ಮರಿ ಹಾರುತ್ತಾ ಸೂರ್ಯನ ಕಡೆ ಹೋದರೆ ಮಾತ್ರ ಹಿಂಬಾಲಿಸಬೇಡಿ, ಕಣ್ಣಿಗೆ ಅಪಾಯ. ಮುಂಬೈ ಕಡೆಯ ಮಳೆಗಾಲಕ್ಕೆ ಗಾಜಿನೊಳಗೆ ಬೂಷ್ಟು ಬರುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಗಾಳಿಯಾಡದ ಡಬ್ಬಿಯಲ್ಲಿಡಿ. ನಮ್ಮಲ್ಲಿ ಅದಕ್ಕೆ ಅತ್ತೆಯ ಹಪ್ಪಳದ ಡಬ್ಬಿ ಖಾಲಿಯಾಗಿದೆ, ಅವರೇ ಮಾಡಿಕೊಟ್ಟಿದ್ದು.