ಹಣೆಗೆ ಅಂಟಿಸಿದ್ದು ಬೆರಳಿನ ಸೆನ್ಸರ್ ಆಗಿದ್ದರೆ ತಕ್ಷಣ ಕೇಳಿ

ನಿಮ್ಮ ಮನೆಯವರು ಆಸ್ಪತ್ರೆಯಲ್ಲಿ ಮಲಗಿದ್ದು, ಬೆರಳಿಗೆ ಸುತ್ತುವ ಆಮ್ಲಜನಕದ ಸೆನ್ಸರನ್ನು ಹಣೆಯ ಮೇಲೆ ಪ್ಲಾಸ್ಟರ್ ಹಾಕಿ ಕೂರಿಸಿರುವುದನ್ನು ಕಂಡರೆ, ಸಂಕೋಚಪಡದೆ ಎದ್ದು ಹೋಗಿ ಕೇಳಿ. ನಾನು ಇಡೀ ರಾತ್ರಿ ಅದನ್ನು ನೋಡುತ್ತಾ ಕುಳಿತಿದ್ದೆ, ಕೇಳಲಿಲ್ಲ.

ಅಮ್ಮನಿಗೆ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ, ಬಹುಕಾಲ ಕಾಡುವ ಶ್ವಾಸಕೋಶದ ಕಾಯಿಲೆ. ಬೀಡಿ, ಸಿಗರೇಟು ಮುಟ್ಟಿದವಳಲ್ಲ. ನಲವತ್ತು ವರ್ಷ ಕಟ್ಟಿಗೆ ಒಲೆಯ ಮುಂದೆ ಕುಳಿತು ಊದಿದ ಹೊಗೆ ಅದು. ಕಳೆದ ಚಳಿಗಾಲದಲ್ಲಿ ಕಫ ಕಟ್ಟಿ ಉಸಿರು ಮೇಲೆಳೆಯಲು ಶುರುವಾದಾಗ ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಅವಳ ಕೈಗಳು ಮಂಜುಗಡ್ಡೆಯಂತಿದ್ದವು. ಬೆರಳಿಗೆ ಹಾಕಿದ ಸೆನ್ಸರ್ ಏನನ್ನೂ ಹಿಡಿಯದೆ ಮಾನಿಟರ್ ಮತ್ತೆ ಮತ್ತೆ ಕೂಗುತ್ತಿತ್ತು. ರಾತ್ರಿ ಪಾಳಿಯ ಸಿಸ್ಟರ್ ಎರಡೂ ಕೈಯ ಬೆರಳುಗಳನ್ನು ಒಂದೊಂದಾಗಿ ಪ್ರಯತ್ನಿಸಿ, ಕೊನೆಗೆ ಅದೇ ಅಂಟಿನ ಸೆನ್ಸರನ್ನು ಬಿಡಿಸಿ ಹಣೆಯ ನಡುವೆ ಒತ್ತಿದರು. ಅಲ್ಲಿ ಅಮ್ಮನ ಹಸಿರು ಹಚ್ಚೆಯ ಬೊಟ್ಟು ಇದೆ. ಸರಿಯಾಗಿ ಅದರ ಮೇಲೆ. ಮಾನಿಟರ್ ಸುಮ್ಮನಾಯಿತು. ರಕ್ತದಲ್ಲಿ ಆಮ್ಲಜನಕ ಶೇಕಡಾ 88 ಎಂದು ತೋರಿಸಿತು.

ಸಿಒಪಿಡಿ ಇರುವವರಿಗೆ 88ರಿಂದ 92ರೊಳಗೆ ಇದ್ದರೆ ಸಾಕು, ಹೆಚ್ಚು ಆಮ್ಲಜನಕ ಕೊಟ್ಟರೆ ಮೈಯಲ್ಲಿ ಇಂಗಾಲದ ಡೈಆಕ್ಸೈಡ್ ಏರುವ ಅಪಾಯವಿದೆ ಎಂದು ಡಾಕ್ಟರ್ ಹಿಂದಿನ ಸಲವೇ ಹೇಳಿದ್ದರು. ಹಾಗಾಗಿ 88 ನನಗೂ ಸಿಸ್ಟರಿಗೂ ಒಳ್ಳೆಯ ಸಂಖ್ಯೆಯಾಗಿಯೇ ಕಂಡಿತು. ರಾತ್ರಿಯೆಲ್ಲ ಅದು 87, 88, 89ರಲ್ಲೇ ಆಡುತ್ತಿತ್ತು. ಅಮ್ಮ ಕೆಮ್ಮಿದರೂ ಅಷ್ಟೇ, ಮಗ್ಗುಲು ಬದಲಿಸಿದರೂ ಅಷ್ಟೇ. ಆ ಸ್ಥಿರತೆಯೇ ನನ್ನನ್ನು ಎಚ್ಚರಿಸಬೇಕಿತ್ತು.

ಬೆಳಗಿನ ಜಾವ ಚಿಕ್ಕಮ್ಮ ಬಂದವರು ಅಮ್ಮನ ಮುಖ ನೋಡಿ, "ಇದು ನಿದ್ದೆ ಅಲ್ಲ ಕಣೋ, ಡಾಕ್ಟರನ್ನು ಕರಿ" ಎಂದರು. ಅಮ್ಮ ಕಣ್ಣು ಬಿಡದೆ ಒಲೆ ಆರಿಸಿದ್ದೀರಾ ಎಂದು ತೊದಲುತ್ತಿದ್ದಳು. ತುಟಿ ಕಪ್ಪಿಟ್ಟಿತ್ತು. ಓಡಿ ಬಂದ ಡ್ಯೂಟಿ ಡಾಕ್ಟರ್ ಸಂಖ್ಯೆಯನ್ನು ನೋಡಲೇ ಇಲ್ಲ. ಅದರ ಪಕ್ಕದ ಅಲೆಯನ್ನು ನೋಡಿದರು. ಅದು ನಾಡಿಯ ಏರಿಳಿತದಂತಿರದೆ ಚೂರುಚೂರಾದ ಗೆರೆಯಾಗಿತ್ತು. ಸೆನ್ಸರ್ ಹೇಳುತ್ತಿದ್ದ ನಾಡಿಬಡಿತ ಒಂದು, ಇಸಿಜಿ ತೋರಿಸುತ್ತಿದ್ದ ಹೃದಯಬಡಿತ ಇನ್ನೊಂದು. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು, ಅದರಲ್ಲಿನ ಅನಿಲಗಳನ್ನು ನೇರವಾಗಿ ಅಳೆಯುವ ಎಬಿಜಿ ಪರೀಕ್ಷೆ ಮಾಡಿಸಿದಾಗ ಆಮ್ಲಜನಕ ಶೇಕಡಾ 74 ಇತ್ತು. ಇಂಗಾಲದ ಡೈಆಕ್ಸೈಡ್ ಸಹಜಕ್ಕಿಂತ ಬಹಳ ಮೇಲೆ ಹೋಗಿತ್ತು.

ಹೀಗೇಕಾಯಿತು ಎಂಬುದನ್ನು ಆ ಡಾಕ್ಟರೇ ನನಗೆ ಬಿಡಿಸಿ ಹೇಳಿದರು. ಬೆರಳಿನ ಸೆನ್ಸರಿನಲ್ಲಿ ದೀಪ ಒಂದು ಬದಿಗೆ, ಬೆಳಕನ್ನು ಹಿಡಿಯುವ ಕಣ್ಣು ಎದುರು ಬದಿಗೆ ಇರುತ್ತದೆ. ಕೆಂಪು ಮತ್ತು ಅವಗೆಂಪು ಬೆಳಕು ಬೆರಳನ್ನು ದಾಟಿಕೊಂಡು ಹೋಗಬೇಕು. ಹಣೆಯಲ್ಲಿ ದಾಟಿ ಹೋಗುವುದಾದರೂ ಎಲ್ಲಿಗೆ, ಒಳಗೆ ತಲೆಬುರುಡೆ ಇದೆಯಲ್ಲ. ಹಣೆಗೆಂದೇ ಮಾಡಿದ ಸೆನ್ಸರಿನಲ್ಲಿ ದೀಪವೂ ಕಣ್ಣೂ ಅಕ್ಕಪಕ್ಕ, ತಕ್ಕ ಅಂತರದಲ್ಲಿ ಕೂತಿದ್ದು, ಮೂಳೆಗೆ ತಾಗಿ ಮರಳುವ ಬೆಳಕನ್ನು ಅಳೆಯುತ್ತವೆ. ಬೆರಳಿನದ್ದನ್ನು ಹಣೆಗೆ ಹರಡಿದರೆ ರಕ್ತದ ಮಿಡಿತಕ್ಕಿಂತ ಹೊರಗಿನ ಗದ್ದಲವೇ ಹೆಚ್ಚು ಸೇರುತ್ತದೆ. ಎರಡೂ ಬಣ್ಣದ ಬೆಳಕಿನಲ್ಲಿ ಒಂದೇ ಬಗೆಯ ಏರಿಳಿತ ಕಂಡಾಗ ಯಂತ್ರದ ಲೆಕ್ಕ ಸುಮಾರು 85ರ ಕಡೆಗೆ ಜಾರುತ್ತದೆ. ನಿಜವಾಗಿ 98 ಇರುವವರಿಗೆ ಅದು ಸುಳ್ಳು ಗಾಬರಿ. 74 ಇರುವ ನಮ್ಮ ಅಮ್ಮನಂಥವರಿಗೆ ಸುಳ್ಳು ನೆಮ್ಮದಿ. ಎರಡನೆಯದು ಜೀವ ತೆಗೆಯುತ್ತದೆ.

ಹಣೆಯ ಸೆನ್ಸರ್ ಎಂಬುದೇ ಕೆಟ್ಟದ್ದೆಂದು ದಯವಿಟ್ಟು ತಿಳಿಯಬೇಡಿ. ಕೈಕಾಲು ತಣ್ಣಗಾಗಿ ರಕ್ತನಾಳ ಮುದುಡಿದಾಗ ಬೆರಳಿಗಿಂತ ಹಣೆಯೇ ವಾಸಿ. ಆಮ್ಲಜನಕ ಇಳಿದದ್ದು ಅಲ್ಲಿ ಬೇಗ ಗೊತ್ತಾಗುತ್ತದೆ. ಅಂದು ಬೇರೆ ವಾರ್ಡಿನಿಂದ ತಂದ ನಿಜವಾದ ಹಣೆಯ ಸೆನ್ಸರನ್ನು ಹುಬ್ಬಿನ ಮೇಲೆ, ಕಣ್ಣಿನ ಪಾಪೆಗಿಂತ ತುಸು ಹೊರಕ್ಕೆ, ಹಚ್ಚೆಯಿಲ್ಲದ ಜಾಗವನ್ನು ಒರೆಸಿ ಅಂಟಿಸಿದರು. ಅದರ ಮೇಲೆ ಹಣೆಪಟ್ಟಿ ಕಟ್ಟಿದರು. ಪಟ್ಟಿ ಬರೀ ಉದುರದಿರಲಿ ಎಂದಲ್ಲ: ಮಲಗಿದವರ ಹಣೆಯ ಅಭಿಧಮನಿಗಳಲ್ಲಿ ರಕ್ತ ನಿಂತು ಮಿಡಿದರೆ ಸಂಖ್ಯೆ ಇರುವುದಕ್ಕಿಂತ ಕಡಿಮೆ ಬರುತ್ತದೆ, ಹಗುರವಾದ ಒತ್ತು ಅದನ್ನು ತಡೆಯುತ್ತದೆ. ಆ ಸೆನ್ಸರ್ 75 ತೋರಿಸಿತು. ಒತ್ತಡದಿಂದ ಗಾಳಿ ಊದಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಮಾಸ್ಕ್ ಹಾಕಿದ ಮೇಲೆ ಮೆಲ್ಲನೆ 89ಕ್ಕೆ ಬಂತು. ಈ ಸಲ ತುಟಿಯ ಬಣ್ಣವೂ ಅದರ ಜೊತೆಗೇ ಬಂತು.

ಹಣೆಪಟ್ಟಿಯದ್ದೂ ಒಂದು ಮಾತಿದೆ. ಮುಂದೆ ಯಾರೋ ಅದನ್ನು ಬಿಗಿಯಾಗಿ ಎಳೆದು ಕಟ್ಟಿ, ಎರಡು ದಿನ ಬಿಚ್ಚಿ ನೋಡಲಿಲ್ಲ. ಹುಬ್ಬಿನ ಮೇಲೆ ಚರ್ಮ ಕೆಂಪಗಾಗಿ, ನಾಲ್ಕಾಣೆಯಷ್ಟು ಅಗಲ ಹುಣ್ಣಾಯಿತು. ಪಾಳಿ ಬದಲಾದಾಗಲೆಲ್ಲ ಪಟ್ಟಿ ಸಡಿಲಿಸಿ ಚರ್ಮ ನೋಡಿ ಎಂದು ಕೇಳುವುದು ಸಿಸ್ಟರಿಗೆ ತೊಂದರೆ ಕೊಟ್ಟಂತೆ ಅಲ್ಲ.

ಸೆನ್ಸರ್ ಯಾವ ಜಾಗಕ್ಕೆಂದು ಸಾಮಾನ್ಯವಾಗಿ ಅದರ ಪೊಟ್ಟಣದ ಮೇಲೆಯೇ ಚಿತ್ರವಿರುತ್ತದೆ. ಓದಲು ಬಾರದಿದ್ದರೂ ಬೆರಳಿದೆಯೋ ಹಣೆಯಿದೆಯೋ ನೋಡಬಹುದು. "ಸಿಸ್ಟರ್, ಇದು ಹಣೆಯ ಸೆನ್ಸರೇ? ಅಲೆ ಸರಿಯಾಗಿ ಬರುತ್ತಿದೆಯೇ?" ಎಂದು ಕೇಳಿ. ಅನುಮಾನ ಉಳಿದರೆ, ರೋಗಿ ಮಂಕಾಗುತ್ತಿದ್ದರೆ, ಎಬಿಜಿ ಮಾಡಿಸಬಹುದೇ ಎಂದು ಡಾಕ್ಟರನ್ನೇ ಕೇಳಿ. ಬೆರಳಿನದ್ದಾಗಲಿ ಹಣೆಯದ್ದಾಗಲಿ, ಈ ಆಮ್ಲಜನಕದ ಸೆನ್ಸರ್ ಇಂಗಾಲದ ಡೈಆಕ್ಸೈಡನ್ನು ತೋರಿಸುವುದಿಲ್ಲ. ಸರಿಯಾದ ಸೆನ್ಸರ್ ಹಾಕಿದರೂ ಚರ್ಮದ ಬಣ್ಣ ಗಾಢವಾಗಿರುವವರಲ್ಲಿ ಸಂಖ್ಯೆ ಇರುವುದಕ್ಕಿಂತ ಹೆಚ್ಚು ಬರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2021ರಲ್ಲೇ ಎಚ್ಚರಿಸಿದೆ. ನಮ್ಮ ನಾಡಿನ ಬಿಸಿಲಲ್ಲಿ ದುಡಿದವರ ಮೈಬಣ್ಣ ನೆನೆದರೆ ಇದು ದೂರದ ಮಾತಲ್ಲ.

ಆ ರಾತ್ರಿಯ ಸಿಸ್ಟರ್ ಮೇಲೆ ನನಗೆ ಕೋಪವಿಲ್ಲ. ಹನ್ನೆರಡು ಮಂದಿಗೆ ಅವರೊಬ್ಬರೇ ಇದ್ದರು, ವಾರ್ಡಿನಲ್ಲಿ ಹಣೆಯ ಸೆನ್ಸರ್ ಒಂದೂ ಇರಲಿಲ್ಲ. ತರಿಸದೆ ಬಿಟ್ಟ ಆಡಳಿತದವರ ಮೇಲೆ ಇದೆ, ಅವರಿಗೆ ಲಿಖಿತವಾಗಿ ದೂರು ಕೊಟ್ಟಿದ್ದೇನೆ.

ಅಮ್ಮ ಹನ್ನೊಂದನೆಯ ದಿನ ಮನೆಗೆ ಬಂದಳು. ಈಗ ಮನೆಯಲ್ಲಿ ಬೆರಳಿಗೆ ಕ್ಲಿಪ್ ಹಾಕುವ ಮೊದಲು ಅವಳ ಕೈಯನ್ನು ನನ್ನ ಎರಡು ಅಂಗೈಗಳ ನಡುವೆ ಹಿಡಿದುಕೊಳ್ಳುತ್ತೇನೆ. ಬೆಚ್ಚಗಾಗುವ ತನಕ ಸಂಖ್ಯೆ ನೋಡುವುದಿಲ್ಲ.