ಸಪ್ತಾಪುರದಾಗ ಆರು ತಿಂಗಳ ಪೊಲೀಸ್ ಕೋಚಿಂಗ್, ಕೊಟ್ಟ ರೊಕ್ಕ ಎಲ್ಲಿ ವಸೂಲಾತು ಎಲ್ಲಿ ಇಲ್ಲ

ಸೆಂಟರಿನ ಹೆಸರು ಹೇಳಾಂಗಿಲ್ಲ, ಹೇಳಿದ್ರ ಫೋನ್ ಮಾಡಿ ತಲಿ ತಿಂತಾರ, ಮತ್ತ ಅಲ್ಲಿಯ ಗ್ರೌಂಡ್ ಸರ್ ಮ್ಯಾಲೆ ನನಗ ಇನ್ನೂ ಪ್ರೀತಿ ಐತಿ. ಧಾರವಾಡ ಸಪ್ತಾಪುರದಾಗ ಅಡ್ಡಾಡಿದವ್ರಿಗೆ ಗೊತ್ತು, ಒಂದು ಬಿಲ್ಡಿಂಗಿಗೆ ಮೂರು ಕೋಚಿಂಗು, ಕೆಳಗ ಝೆರಾಕ್ಸ್ ಅಂಗಡಿ, ಮ್ಯಾಲೆ ರೀಡಿಂಗ್ ರೂಮು. ಅಂಥಾದ್ದೊಂದರಾಗ 2023ರೊಳಗ ಪಿಸಿ (ಪೊಲೀಸ್ ಕಾನ್‌ಸ್ಟೇಬಲ್) ಪ್ಲಸ್ ಪಿಎಸ್‌ಐ (ಸಬ್ ಇನ್‌ಸ್ಪೆಕ್ಟರ್) ಬ್ಯಾಚಿಗೆ 18,000 ಕಟ್ಟಿ ಸೇರಿದ್ದೆ, ರೂಮು ಮೆಸ್ಸು ಬ್ಯಾರೆ.

ಮೊದಲು ಚಲೋದು ಹೇಳ್ತೀನಿ. ಗ್ರೌಂಡ್ ಸರ್ ಮಿಲಿಟರಿಯಿಂದ ರಿಟೈರ್ ಆದವ್ರು, ಬೆಳಿಗ್ಗೆ 5:15ಕ್ಕ ಸೀಟಿ ಊದಿದ್ರಂದ್ರ ಮುಗೀತು. ಗಂಡು ಹುಡುಗ್ರು ಕಾನ್‌ಸ್ಟೇಬಲ್‌ಗೆ 1600 ಮೀಟರ್ 6 ನಿಮಿಷ 30 ಸೆಕೆಂಡಿನಾಗ ಓಡಬೇಕು, ನಾನು ಮೊದಲನೇ ದಿನ ಓಡಿದ್ದು 8 ನಿಮಿಷದ ಮ್ಯಾಲೆ, ನಾಲ್ಕನೇ ರೌಂಡಿಗೆ ಹೊಟ್ಟಿ ಹಿಡಕೊಂಡು ಕುಂತುಬಿಟ್ಟಿದ್ದೆ. ಸರ್ ಬಂದು, ಲೇ ತಮ್ಮಾ, ಮೊದಲ ರೌಂಡ್ ಮದಿವಿ ಮೆರವಣಿಗಿ ಕುದುರಿಯಂಗ ಓಡಿದಿ, ಉಳಿದ ಮೂರು ನಿಮ್ಮಪ್ಪ ಓಡ್ತಾನೇನು ಅಂದ್ರು. ಆಮೇಲೆ ಲೆಕ್ಕ ಹಾಕಿ ತೋರಿಸಿದ್ರು, 400 ಮೀಟರಿನ ಒಂದು ರೌಂಡು 1 ನಿಮಿಷ 37 ಸೆಕೆಂಡಿಗೆ ಮುಗಿಸಿದ್ರ ನಾಲ್ಕು ರೌಂಡಿಗೆ 6 ನಿಮಿಷ 28, ಅಂದ್ರ ಉಳಿಯೋದು ಬರೇ ಎರಡು ಸೆಕೆಂಡು, ಅದಕ್ಕ ಪ್ರಾಕ್ಟೀಸಿನಾಗ 1:33 ಹಿಡಿ, ಮೊದಲನೇ ರೌಂಡಿಗೂ ಅಷ್ಟ, ಕೊನೇ ರೌಂಡಿಗೂ ಅಷ್ಟ. ಮೂರು ತಿಂಗಳಿಗೆ ನಂದು 6:14ಕ್ಕ ಬಂತು. ಗುಂಡು ಎಸೆತಾನೂ ಹಂಗ, 7.26 ಕೆಜಿ ಗುಂಡು 5.60 ಮೀಟರ್ ಒಗಿಬೇಕು, ನಾ ರಟ್ಟಿ ಬಲದಾಗ ಒಗಿತಿದ್ದೆ, ಕಾಲಿನಿಂದ ಸೊಂಟಕ್ಕ ಸೊಂಟದಿಂದ ಭುಜಕ್ಕ ಹೆಂಗ ಜೋರು ತರಬೇಕಂತ ಅವ್ರು ಕೈ ಹಿಡಿದು ಕಲಿಸಿದ್ರು. ಉದ್ದ ಜಿಗಿತ 3.80 ಮೀಟರ್ ಇಲ್ಲಾ ಎತ್ತರ ಜಿಗಿತ 1.20, ಎರಡರಾಗ ಒಂದು. ಜಿಗಿತಕ್ಕೂ ಗುಂಡು ಎಸೆತಕ್ಕೂ ಮೂರು ಮೂರು ಛಾನ್ಸ್ ಇರ್ತಾವ, ಓಟಕ್ಕ ಒಂದ. ಇದನ್ನ ಸರ್ ದಿನಾ ಹೇಳ್ತಿದ್ರು, ನಮಗ ಕೇಳಿ ಕೇಳಿ ಬ್ಯಾಸರ ಆಗಿತ್ತು, ಪರೀಕ್ಷೆ ದಿನ ನಮ್ಮ ಕಣ್ಣೆದುರ ಒಬ್ಬಾಂವ ಮೂರನೇ ರೌಂಡಿಗೆ ಜಾರಿ ಬಿದ್ದ ಮ್ಯಾಲೆ ತಿಳೀತು.

ಹುಡುಗ್ಯಾರು ನಮ್ಮ ಬ್ಯಾಚಿನಾಗ ಒಂಬತ್ತು ಮಂದಿ ಇದ್ರು. ಅವ್ರಿಗೆ 400 ಮೀಟರ್ 2 ನಿಮಿಷ, ಗುಂಡು 4 ಕೆಜಿ. ಸರ್ ಅವ್ರಿಗೂ ಅಷ್ಟ ಕಾಳಜಿ ಮಾಡ್ತಿದ್ರು, ಆದ್ರ ಬಟ್ಟಿ ಬದಲಿಸಾಕ ಒಂದು ರೂಮಿಲ್ಲ ಏನಿಲ್ಲ. ಫೀ ಮಾತ್ರ ಸಮಾನತೆ.

ಈಗ ಸಿಟ್ಟು ಬರೋ ವಿಷಯ. ನನ್ನ ರೂಮ್‌ಮೇಟ್ ಕೊಪ್ಪಳ ಕಡಿಯಾಂವ, ಬಡವರ ಮನಿ ಹುಡುಗ, ಅವರಪ್ಪ ಬಡ್ಡಿಗೆ ರೊಕ್ಕ ತಂದು ಕಟ್ಟಿದ್ರು. ನಾಲ್ಕನೇ ತಿಂಗಳದಾಗ ಸುಮ್ನ ಚಾಷ್ಟಿಗೆ ಟೇಪ್ ಹಿಡಿದು ಗ್ವಾಡಿಗೆ ನಿಂತು ಎತ್ತರ ನೋಡಿದ್ರ 166! ಗಂಡಸರಿಗೆ 168 ಸೆಂಟಿಮೀಟರ್ ಬೇಕ, ಎದಿ 86, ಅದರಾಗ 5 ಸೆಂಟಿಮೀಟರ್ ಉಬ್ಬಬೇಕು. ಹೆಣ್ಮಕ್ಕಳಿಗೆ 157 ಎತ್ತರ, 45 ಕೆಜಿ ತೂಕ. ಅಡ್ಮಿಶನ್ ಮಾಡ್ಕೊಳ್ಳೋವಾಗ ಆಫೀಸಿನಾಗ ಒಬ್ರೂ ಅವನ್ನ ಗ್ವಾಡಿಗೆ ನಿಂದರಿಸಿ ಅಳದಿಲ್ಲ. ರೊಕ್ಕ ವಾಪಸ್ ಕೇಳಿದ್ರ ನಾನ್ ರಿಫಂಡೆಬಲ್ ಅಂತ ರಸೀದಿ ಹಿಂದ ಬರೆದದ್ದು ತೋರಿಸಿದ್ರು, ಎಫ್‌ಡಿಎ (ಸರ್ಕಾರಿ ಆಫೀಸಿನ ಗುಮಾಸ್ತ ಹುದ್ದೆ) ಬ್ಯಾಚಿಗೆ ಹೋಗಪಾ ಅಂದ್ರು. ಆಂವ ಅವತ್ತು ರಾತ್ರಿ ಊಟ ಮಾಡ್ಲಿಲ್ಲ. ಹತ್ತು ರೂಪಾಯಿ ಟೇಪಿನ ಕೆಲಸ ಇದು.

ಕ್ಲಾಸ್ ಬಗ್ಗೆ ಹೇಳಬೇಕಂದ್ರ, ಮೆಂಟಲ್ ಎಬಿಲಿಟಿ ಸರ್ ಬೆಂಕಿ, ಉಳಿದವ್ರು ಪಿಡಿಎಫ್ ಓದಿ ಹೋಗ್ತಿದ್ರು, ಅದನ್ನ ನಾನೂ ಓದತೇನಲ್ಲ. ಪಿಸಿ ಪರೀಕ್ಷೆ ಒಂದೂವರೆ ತಾಸಿಗೆ 100 ಪ್ರಶ್ನೆ, ತಪ್ಪಿಗೆ 0.25 ಕಟ್. ಆರರಿಂದ ಹತ್ತನೇತ್ತೆಯವರೆಗಿನ ಸರ್ಕಾರಿ ಪುಸ್ತಕ ಎರಡು ಸಲ ಓದಿ, ಹಳೇ ಪ್ರಶ್ನೆಪತ್ರಿಕೆ ಬಿಡಿಸಿದ್ರ ಇವ್ರ ಅರ್ಧ ಕ್ಲಾಸ್ ಮುಗಿದಂಗ. ಪಿಎಸ್‌ಐ ಅಂತ ಬೋರ್ಡ್ ಹಾಕ್ಯಾರ, ಆದ್ರ ಪಿಎಸ್‌ಐ ಪೇಪರ್ ಒಂದು ಅಂದ್ರ ಕೈಲೆ ಬರಿಯೂದು, 50 ಮಾರ್ಕ್ಸು, ಪ್ರಬಂಧ 20, ಸಾರಾಂಶ 10, ಕನ್ನಡ ಇಂಗ್ಲಿಷ್ ಅನುವಾದ 20. ಆರು ತಿಂಗಳಾಗ ಎರಡು ಪ್ರಬಂಧ ಬರಿಸಿದ್ರು, ಒಂದನ್ನೂ ತಿದ್ದಿ ಕೊಡ್ಲಿಲ್ಲ. ಪೇಪರ್ ಎರಡು ಆಬ್ಜೆಕ್ಟಿವ್, 150 ಮಾರ್ಕ್ಸು, ಅದಕ್ಕ ಎಲ್ಲಾರೂ ರೆಡಿ ಆಗಿರ್ತಾರ, ಹಿಂದ ಬೀಳೋದು ಬರಿಯೂದರಾಗ, ಅದನ್ನ ಇವ್ರು ಮುಟ್ಟಾಂಗಿಲ್ಲ.

ಸರ್ಟಿಫಿಕೇಟ್ ಬಗ್ಗೆನೂ ಆಫೀಸಿನವ್ರು ಬಾಯಿ ಬಿಡಾಂಗಿಲ್ಲ. ಒಂದರಿಂದ ಹತ್ತು ಕನ್ನಡ ಮಾಧ್ಯಮದಾಗ ಓದಿದ್ರ ಅದಕ್ಕ ಬ್ಯಾರೆ ಮೀಸಲಾತಿ, ಹಳ್ಳಿಯೊಳಗ ಓದಿದ್ರ ಗ್ರಾಮೀಣ, ಹೆಡ್‌ಮಾಸ್ತರ ಸಹಿ ಆದ ಮ್ಯಾಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು, ಕಲ್ಯಾಣ ಕರ್ನಾಟಕದವ್ರಿಗೆ 371(ಜೆ) ಮೀಸಲಾತಿ ಸರ್ಟಿಫಿಕೇಟ್ ಬ್ಯಾರೆ. ಇವನ್ನ ಅರ್ಜಿ ಹಾಕೋಕಿಂತ ಮೊದಲ ಮಾಡಿಸಿ ಇಟ್ಕೊಳ್ರಿ, ನಾನು ಬಿಇಒ ಆಫೀಸಿಗೆ ಮೂರು ಸಲ ಬಸ್ ಹತ್ತೀನಿ.

ಅಡ್ಮಿಶನ್ ಟೈಮಿಗೆ ಅವ್ರು ಹೇಳಿದ್ದು ಮೂರು ತಿಂಗಳಾಗ ಪರೀಕ್ಷೆ, ಸೆಲೆಕ್ಷನ್ ಗ್ಯಾರಂಟಿ. ನಂಬಬ್ಯಾಡ್ರಿ. 2022ರಾಗ ಕರೆದ 3064 ಸಶಸ್ತ್ರ ಕಾನ್‌ಸ್ಟೇಬಲ್ ಹುದ್ದೆಗೆ ಲಿಖಿತ ಪರೀಕ್ಷೆ ಆಗಿದ್ದು 2024ರ ಜನವರಿಗೆ. 545 ಪಿಎಸ್‌ಐದು ಕೇಳಾಕ ಹೋಗಬ್ಯಾಡ್ರಿ, 2021ರ ಅಕ್ಟೋಬರದಾಗ ಬರೆದ್ರು, ಓಎಂಆರ್ ಉತ್ತರ ಹಾಳಿ ತಿದ್ದಿದ ಹಗರಣ ಆತು, ಮರುಪರೀಕ್ಷೆ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಮಾಡಿದ್ದು ಮತ್ತ 2024ರ ಜನವರಿಗೆ. ಪ್ರಾಮಾಣಿಕವಾಗಿ ಬರೆದವ್ರ ವಯಸ್ಸು ನಡುವ ಕರಗಿ ಹೋತು. ಇಷ್ಟಾದ ಮ್ಯಾಲೂ ಮೆಸ್ಸಿನಾಗ ಒಬ್ಬಾಂವ ಬಾಜೂಕ ಕುಂತು ಸೆಟ್ಟಿಂಗ್ ಐತಿ, ಅಡ್ವಾನ್ಸ್ ಕೊಡು ಅಂತಿದ್ದ, ಅಂಥಾವ ಸಿಕ್ಕರ ತಾಟು ಎತ್ಕೊಂಡು ಬ್ಯಾರೆ ಟೇಬಲ್ಲಿಗೆ ಹೋಗ್ರಿ.

ನನ್ನ ಕಥಿ ಏನಂದ್ರ, ಸಿವಿಲ್ ಪಿಸಿಗೆ ಮೊದಲು ಲಿಖಿತ, ಆಮೇಲೆ ಒಂದು ಹುದ್ದೆಗೆ ಐದು ಮಂದಿಯಂಗ ಗ್ರೌಂಡಿಗೆ ಕರೀತಾರ, ಗ್ರೌಂಡ್ ಬರೇ ಕ್ವಾಲಿಫೈಯಿಂಗ್, ಮಾರ್ಕ್ಸ್ ಇಲ್ಲ. ಗ್ರೌಂಡ್ ಆರಾಮ ಪಾಸಾದೆ, ಮೆರಿಟ್‌ನ್ಯಾಗ ಒಂದೂವರೆ ಮಾರ್ಕಿಗೆ ಹೋತು, ಗೊತ್ತಿಲ್ದ ಸುಮ್ನ ಅಂದಾಜಿನಾಗ ಬರೆದ ಉತ್ತರಕ್ಕ ಕಟ್ ಆದದ್ದ ಮೂರೂವರೆ ಇತ್ತು. ಆ ನೋಟಿಫಿಕೇಶನ್ ಪ್ರಕಾರ ಪಿಸಿಗೆ ಇದ್ದ ವಯಸ್ಸಿನ ಮಿತಿ ನಂದು ದಾಟಿತು. ಡಿಗ್ರಿ ಆಗಿರೋದಕ್ಕ ಪಿಎಸ್‌ಐ ಬರಿತೀನಿ, ಹಿಂದಿನ ನೋಟಿಫಿಕೇಶನಿನಾಗ ಅದಕ್ಕ ನಮ್ಮಂಥಾ ಮೀಸಲಾತಿಯವ್ರಿಗೆ 32 ವಯಸ್ಸಿನವರೆಗೆ ಇತ್ತು. ಪಿಯುಸಿ ಮುಗಿಸಿದ ತಮ್ಮಂದಿರು ಡಿಗ್ರಿ ಮುಗೀಲಿ ಅಂತ ಕಾಯಬ್ಯಾಡ್ರಿ, ಸಿವಿಲ್‌ಗೆ ಪಿಯುಸಿ ಸಾಕು, ಸಶಸ್ತ್ರಕ್ಕ ಎಸ್ಸೆಸ್ಸೆಲ್ಸಿ.

ಗ್ರೌಂಡಿಗೆ ಐದಕ್ಕ ಐದು, ಕ್ಲಾಸಿಗೆ ಎರಡು, ಆಫೀಸಿಗೆ ಸೊನ್ನಿ. ಈಗ ನಾನು ಆ ಸೆಂಟರಿಗೆ ಹೋಗಾಂಗಿಲ್ಲ, ತಿಂಗಳಿಗೆ 800 ಕೊಟ್ಟು ರೀಡಿಂಗ್ ರೂಮಿನಾಗ ಕುಂದರ್ತೀನಿ. ಸರ್ ಬರೇ ಗ್ರೌಂಡಿಗೂ ಸೇರಿಸ್ಕೊಳ್ತಾರ, ತಿಂಗಳಿಗೆ ಸಾವಿರ, ಇದು ಆಫೀಸಿನಾಗ ಕೇಳಿದ್ರ ಹೇಳಾಂಗಿಲ್ಲ, ಬೆಳಿಗ್ಗೆ ಸೀದಾ ಗ್ರೌಂಡಿಗೆ ಹೋಗಿ ಅವ್ರನ್ನ ಕೇಳ್ರಿ. 5:15 ಅಂದ್ರ 5:15, ಲೇಟಾಗಿ ಹೋದ್ರ ಮಾತಾಡಿಸೋಕಿಂತ ಮೊದಲು ಎರಡು ರೌಂಡ್ ಓಡಿಸ್ತಾರ.